ಬಾವಂಚಿ ಬೀಜವೂ ನನ್ನ ಶೇ. 92.5 ಕೂ

ಎಡಗೈ ಮಣಿಕಟ್ಟಿನ ಮೇಲೆ ಬೆರಳಗಲದ ಕಂದು ಕಲೆಯೊಂದು ಇನ್ನೂ ಪೂರ್ತಿ ಮಾಸಿಲ್ಲ. ಬಾವಂಚಿ ಬೀಜದ ಎಕ್ಸ್‌ಟ್ರಾಕ್ಟ್ ಚೆಲ್ಲಿಕೊಂಡು, ಒರೆಸಿದರಾಯಿತು ಅಂತ ಮಟಮಟ ಮಧ್ಯಾಹ್ನ ಹೊಲದ ಪ್ರಯೋಗದ ಪ್ಲಾಟಿಗೆ ಹೋಗಿದ್ದೆ. ಎರಡನೇ ದಿನಕ್ಕೆ ಬೊಬ್ಬೆ ಎದ್ದವು. ಅದರಲ್ಲಿರೋ ಸೊರಾಲೆನ್ ಚರ್ಮಕ್ಕೆ ಹತ್ತಿ ಬಿಸಿಲು ಬಿದ್ದರೆ ಸುಡುತ್ತದೆ. ತೊನ್ನಿಗೆ ಬಾವಂಚಿ ಹಚ್ಚಿ ಬಿಸಿಲಿಗೆ ಕೂರಿಸುತ್ತಿದ್ದದ್ದೂ ಇದೇ ಗುಣ ನೆಚ್ಚಿ. ಓದಿ ಗೊತ್ತಿತ್ತು. ಗ್ಲೌಸ್ ಖಾಲಿ, ಇಂಡೆಂಟ್ ಹಾಕಿ ತಿಂಗಳಾಗಿತ್ತು. ಆದರೆ ಈಗಲೂ ಉರಿಯೋದು ಆ ಕಲೆಯಲ್ಲ, ಶಿಲೀಂಧ್ರ ಬೆಳೆಸೋಕೆ ಅದೇ ವಾರ ಹಾಕಿದ ಪ್ಲೇಟುಗಳು.

ಮೆಕ್ಕೆಜೋಳದ ಫ್ಯುಸೇರಿಯಂ ವರ್ಟಿಸಿಲಿಯಾಯ್ಡಿಸ್ ನನ್ನ ಪಾಲಿನ ಕೆಲಸ. ಬೀಜದೊಳಗೇ ಕೂತು ಬರುವ ಶಿಲೀಂಧ್ರ, ಜೊತೆಗೆ ಫ್ಯುಮೋನಿಸಿನ್ ವಿಷ ಬೇರೆ. ಬೀಜೋಪಚಾರಕ್ಕೆ ಥೈರಂ, ಕ್ಯಾಪ್ಟಾನ್ ಥರದ ರಾಸಾಯನಿಕಗಳ ಬದಲು ಗಿಡಮೂಲಿಕೆಯದ್ದೇನಾದರೂ ಸಿಗುತ್ತಾ ಅನ್ನೋದು ಪ್ರಾಜೆಕ್ಟ್. ಸಾಕ್ಸ್‌ಲೆಟ್‌ನಲ್ಲಿ ಬಾವಂಚಿ ಬೀಜಕ್ಕೆ ಮೆಥನಾಲ್ ಓಡಿಸಿ ತೆಗೆದ ಎಕ್ಸ್‌ಟ್ರಾಕ್ಟು, ಮೆಥನಾಲ್ ಆವಿ ಮಾಡಿ ತೆಗೆಯಬೇಕಿದ್ದ, ಆದರೆ ವ್ಯಾಕ್ಯೂಮ್ ಹಿಡಿಯದ ನಮ್ಮ ರೋಟವ್ಯಾಪ್‌ನಲ್ಲಿ ಜೋನಿಬೆಲ್ಲದ ಹದಕ್ಕೆ ಬಂದು ನಿಂತಿತು. ಹೊಸ ಪಂಪಿನ ಫೈಲು ಮೂರನೇ ಕ್ವೆರಿಯಲ್ಲಿತ್ತು. ಅಂಟನ್ನು ಮತ್ತೆ ಮೆಥನಾಲ್‌ನಲ್ಲೇ ಕರಗಿಸಿ 54 ಎಂಎಲ್ ಪಿಡಿಎಗೆ (ಶಿಲೀಂಧ್ರ ಬೆಳೆಸೋ ಆಲೂಗಡ್ಡೆಯ ಮೀಡಿಯಾ) 6 ಎಂಎಲ್ ಬೆರೆಸಿದೆ. ಕಂಟ್ರೋಲ್‌ಗೆ (ಹೋಲಿಸಿ ನೋಡೋಕೆ ಇಡುವ ಪ್ಲೇಟು) 6 ಎಂಎಲ್ ಸ್ಟೆರೈಲ್ ನೀರು. ಸಾಲ್ವೆಂಟ್ ಕಂಟ್ರೋಲ್? ಪ್ಲೇಟು ಕಡಿಮೆಯಿದ್ದವು, ಆಮೇಲೆ ನೋಡೋಣ ಅಂದುಕೊಂಡೆ.

ಸುರಿಯುವಾಗಲೇ ಅಟೆಂಡರ್ ಅಂದಿದ್ದ: "ಮೇಡಮ್, ಸ್ಪಿರಿಟ್ ಗಮಲು ಜಾಸ್ತಿ ಐತಲ್ಲ?"

"ಬೀಜದ್ದೇ ವಾಸನೆ ಅಣ್ಣ," ಅಂದೆ. ಬಾವಂಚಿಗೂ ಸ್ಪಿರಿಟ್ಟಿಗೂ ಎಲ್ಲಿಂದೆಲ್ಲಿ! ಆದರೂ ಅಂದೆ.

ಏಳನೇ ದಿನ ಕಂಟ್ರೋಲ್ ಪ್ಲೇಟಿನಲ್ಲಿ ಶಿಲೀಂಧ್ರ 80 ಮಿಮೀ, ಹತ್ತಿ ಹರಡಿದ ಹಾಗೆ. ಬಾವಂಚಿ ಪ್ಲೇಟಿನಲ್ಲಿ 6. ಅದರಲ್ಲಿ ಮೊದಲು ನಾನಿಟ್ಟ ಶಿಲೀಂಧ್ರದ ಡಿಸ್ಕೇ 5. ಕ್ಯಾಲ್ಕುಲೇಟರ್ ಒತ್ತಿದರೆ ಶೇ. 92.5. ಅವತ್ತು ಕ್ಯಾಂಟೀನಿನಲ್ಲಿ ಎಲ್ಲರ ಟೀ ದುಡ್ಡು ನಾನೇ ಕೊಟ್ಟೆ. ಗೈಡ್ ಸಾಹೇಬರು ತ್ರೈಮಾಸಿಕ ವರದಿಗೆ ಅದೇ ಸಂಜೆ ಸೇರಿಸಿದರು.

ರಿವ್ಯೂ ಮೀಟಿಂಗ್‌ನಲ್ಲಿ ಹೊರಗಿಂದ ಬಂದ ತಜ್ಞರೊಬ್ಬರು ಅಲ್ಲೀತನಕ ಮಾತೇ ಆಡಿರಲಿಲ್ಲ. ನನ್ನ ಬಾರ್ ಗ್ರಾಫ್ ಬಂದಾಗ ಕನ್ನಡಕ ಏರಿಸಿದರು.

"ಕಂಟ್ರೋಲ್‌ಗೆ ಏನು ಹಾಕಿದ್ದೀರಮ್ಮ?"

"ಸ್ಟೆರೈಲ್ ವಾಟರ್, ಸರ್."

"ಎಕ್ಸ್‌ಟ್ರಾಕ್ಟ್ ಕರಗಿಸಿದ್ದು?"

ಹೇಳೋಕೆ ಬಾಯಿ ತೆರೆದಾಗಲೇ ತಲೆಗೆ ಹೊಳೆದದ್ದು. ಲೇಸರ್ ಪಾಯಿಂಟರ್ 92.5ರ ಮೇಲೇ ಇತ್ತು; ಆರಿಸಬೇಕು ಅನ್ನೋದೂ ಮರೆತು ನಿಂತೆ. ಕೆಂಪು ಚುಕ್ಕಿ 9ರಿಂದ 2ಕ್ಕೆ, 2ರಿಂದ 9ಕ್ಕೆ ನಡುಗುತ್ತಿತ್ತು. "ಮೆಥನಾಲ್, ಸರ್."

"ಹಾಗಾದ್ರೆ ಮೀಡಿಯಾದಲ್ಲಿ ಹತ್ತು ಪರ್ಸೆಂಟ್ ಮೆಥನಾಲ್. ಬರೀ ಅದರಲ್ಲಿ ನಿಮ್ಮ ಫಂಗಸ್ ಎಷ್ಟು ಬೆಳೆಯುತ್ತೆ, ನೋಡಿದ್ದೀರಾ?"

ಗೈಡ್ ಖಾಲಿ ಹಾಳೆಯನ್ನು ಗಮನವಿಟ್ಟು ಓದುತ್ತಿದ್ದರು. "ರಿಪೀಟ್ ಮಾಡ್ತೀನಿ ಸರ್," ಅಂದೆ. ನೆಕ್ಸ್ಟ್ ಸ್ಲೈಡ್ ನನ್ನದೇ, ಥ್ಯಾಂಕ್ಯೂ ಅಂತ, ದಾಸವಾಳದ ಚಿತ್ರದ ಜೊತೆ.

ಕರಗಿಸಿದ್ದು ಯಾವುದರಲ್ಲೋ ಕಂಟ್ರೋಲಿಗೂ ಅದನ್ನೇ, ಅಷ್ಟೇ ಹಾಕಬೇಕು. ಎಂ.ಎಸ್ಸಿ. ಹುಡುಗರಿಗೆ ನಾನೇ ಬೈದು ಹೇಳಿಕೊಟ್ಟದ್ದು. ಪ್ಲೇಟು ಕಡಿಮೆ ಅನ್ನೋದು ನೆಪ. ಚೆನ್ನಾಗಿರೋ ನಂಬರ್ ಬಂದಮೇಲೆ ಅದನ್ನು ಕೆದಕೋಕೆ ಮನಸ್ಸಿರಲಿಲ್ಲ.

ರಿಪೀಟ್‌ನಲ್ಲಿ ಬರೀ ಮೆಥನಾಲ್ ಹಾಕಿದ ಪ್ಲೇಟು 31 ಮಿಮೀಗೇ ನಿಂತಿತು, ಬಾವಂಚಿ ಒಂದು ಹನಿಯೂ ಇಲ್ಲದೆ. ಎಕ್ಸ್‌ಟ್ರಾಕ್ಟನ್ನು ಡೆಸಿಕೇಟರ್‌ನಲ್ಲಿಟ್ಟು, ಉಳಿದ ಮೆಥನಾಲ್ ಆರಿ ತೂಕ ಇಳಿಯೋದು ನಿಲ್ಲುವ ತನಕ ಕಾದು, ಡಿಎಂಎಸ್‌ಓದಲ್ಲಿ (ಇನ್ನೊಂದು ಸಾಲ್ವೆಂಟ್) ಕರಗಿಸಿ, ಆ ಸಾಲ್ವೆಂಟು ಎರಡೂ ಕಡೆ ಶೇ. 1ರಂತೆ ಇರೋ ಹಾಗೆ ಹಾಕಿದೆ. ಕಂಟ್ರೋಲ್ 80, ಬಾವಂಚಿ 38. ಅಂದರೆ ಶೇ. 52.5. ಶಿಲೀಂಧ್ರ ತಡೆಯೋ ಬಕುಚಿಯಾಲ್ ಇರೋ ಬೀಜ, ಪೊಳ್ಳಲ್ಲ. ಆದರೆ ಬೆಳೆಯದೆ ಕೂತಿದ್ದ ಹಳೇ ಡಿಸ್ಕುಗಳನ್ನು ಹೊಸ ಪಿಡಿಎಗೆ ದಾಟಿಸಿದರೆ ಮೂರೇ ದಿನಕ್ಕೆ ಚಿಗುರಿದವು. ಸತ್ತಿರಲಿಲ್ಲ, ಮತ್ತೇರಿ ಮಲಗಿದ್ದವು ಅಷ್ಟೆ.

ವರದಿ ತಿದ್ದುವುದಕ್ಕೆ ಫಾರ್ಮ್ಯಾಟ್ ಇಲ್ಲ ಅಂತ ಆಫೀಸಿನವರು ಎರಡು ಸಲ ಪತ್ರ ವಾಪಸ್ ಕಳಿಸಿದರು. ಪಂಪ್ ಇನ್ನೂ ಬಂದಿಲ್ಲ. ಅಟೆಂಡರ್ ಮಾತ್ರ ಈಗ ಪ್ರತಿ ಟ್ರೇಯನ್ನೂ ಮೂಸಿಯೇ ಇನ್‌ಕ್ಯುಬೇಟರ್‌ಗೆ ಇಡುತ್ತಾನೆ. "ಇವತ್ತು ಬರೀ ಆಲೂಗಡ್ಡೆ ವಾಸನೆ ಮೇಡಮ್," ಅಂತ ಒಂದು ವರದಿಯನ್ನೂ ಒಪ್ಪಿಸುತ್ತಾನೆ.