ಸೊನ್ನೆ ಸಾಲು ಬಂದಾಗ ಮಾಡೆಲ್ ಏನನ್ನುತ್ತದೆ? ಲಾಗ್ ತನಿಖೆಗೆ ಎಐ ಮಾಡೆಲ್‌ಗಳನ್ನು ಹೋಲಿಸುವ ಬಗೆ

ಲಾಗ್ ತನಿಖೆಗೆ, ಅಂದರೆ ಕಂಪ್ಯೂಟರ್‌ಗಳು ಬರೆದಿಡುವ ಚಟುವಟಿಕೆ ದಾಖಲೆಗಳಲ್ಲಿ ದಾಳಿಯ ಸುಳಿವು ಹುಡುಕಲು, ಯಾವ ಭಾಷಾ ಮಾಡೆಲ್ ವಾಸಿ ಎಂದು ತೂಗಿ ನೋಡುವ ಕೆಲಸ ಈಗ ಸೆಕ್ಯುರಿಟಿ ತಂಡಗಳ ಪಾಲಿಗೆ ಬರುತ್ತಲೇ ಇದೆ. ಸಾಮಾನ್ಯವಾಗಿ ನಡೆಯುವುದು ಇಷ್ಟೆ: ಒಂದಷ್ಟು ಪ್ರಶ್ನೆ ಬರೆದು, ಮೂರ್ನಾಲ್ಕು ಮಾಡೆಲ್‌ಗಳಿಗೆ ಕೊಟ್ಟು, ಎಷ್ಟು ಸರಿ ಬಂತೆಂದು ಶೇಕಡಾವಾರು ಪಟ್ಟಿ ಹಾಕುವುದು. ಆದರೆ ಈ ಕೆಲಸದಲ್ಲಿ ತಪ್ಪುಗಳೆಲ್ಲ ಒಂದೇ ತೂಕದವಲ್ಲ. ಲಾಗ್ ಹುಡುಕಲು ಮಾಡೆಲ್ ಬರೆದ ಕ್ವೆರಿ ಸಿಂಟ್ಯಾಕ್ಸ್ ಕೆಟ್ಟು ನಿಂತುಹೋದರೆ ಅನಲಿಸ್ಟ್ ಕಣ್ಣಿಗೆ ತಕ್ಷಣ ಬೀಳುತ್ತದೆ, ತಿದ್ದಿ ಮುಂದೆ ಹೋಗುತ್ತಾರೆ. ಕ್ವೆರಿ ಸಲೀಸಾಗಿ ಓಡಿ, ಒಂದು ಸಾಲೂ ಬರದೆ, ಮಾಡೆಲ್ ಅದನ್ನೇ ನಂಬಿ 'ಅನುಮಾನಾಸ್ಪದ ಚಟುವಟಿಕೆ ಕಂಡುಬಂದಿಲ್ಲ' ಎಂದು ಬರೆದುಬಿಟ್ಟರೆ ಟಿಕೆಟ್ ಮುಚ್ಚಿಹೋಗುತ್ತದೆ, ಯಾರೂ ಹಿಂತಿರುಗಿ ನೋಡುವುದಿಲ್ಲ. ಹೋಲಿಕೆಯಲ್ಲಿ ಮೊದಲು ಅಳೆಯಬೇಕಾದ್ದು ಈ ಸದ್ದಿಲ್ಲದ ತಪ್ಪನ್ನು.

ಒಂದು ಪ್ರಶ್ನೆಯನ್ನು ಹತ್ತಿರದಿಂದ ನೋಡೋಣ. 'ಈ ವಿಂಡೋಸ್ ಸರ್ವರ್ ಮೇಲೆ ಆರ್‌ಡಿಪಿ ಬ್ರೂಟ್ ಫೋರ್ಸ್ ನಡೆದಿದೆಯೇ?' (ರಿಮೋಟ್ ಡೆಸ್ಕ್‌ಟಾಪ್ ಮೂಲಕ ಒಳಬರಲು ಪಾಸ್‌ವರ್ಡ್‌ಗಳನ್ನು ಒಂದಾದ ಮೇಲೊಂದು ಊಹಿಸಿ ನೋಡಿದ್ದಾರೆಯೇ) ಎಂದು ಕೇಳಿದರೆ ಬಹುತೇಕ ಮಾಡೆಲ್‌ಗಳ ಮೊದಲ ಕ್ವೆರಿ ಒಂದೇ ಥರ ಇರುತ್ತದೆ: ಈವೆಂಟ್ ಐಡಿ 4625, ಲಾಗಾನ್ ಟೈಪ್ 10. ಪುಸ್ತಕದ ಪ್ರಕಾರ ಸರಿ. 4625 ಅಂದರೆ ವಿಫಲ ಲಾಗಾನ್, ಟೈಪ್ 10 ಅಂದರೆ ರಿಮೋಟ್ ಡೆಸ್ಕ್‌ಟಾಪ್. ಆದರೆ ಸರ್ವರ್‌ನಲ್ಲಿ ನೆಟ್‌ವರ್ಕ್ ಲೆವೆಲ್ ಅಥೆಂಟಿಕೇಶನ್ ಆನ್ ಇದ್ದರೆ, ಡೆಸ್ಕ್‌ಟಾಪ್ ಸೆಷನ್ ತೆರೆಯುವ ಮೊದಲೇ ಪಾಸ್‌ವರ್ಡ್ ಪರೀಕ್ಷೆ ಆಗಿಬಿಡುತ್ತದೆ. ಹಾಗಾಗಿ ವಿಫಲ ಪ್ರಯತ್ನಗಳು ಟೈಪ್ 3, ಅಂದರೆ ನೆಟ್‌ವರ್ಕ್ ಲಾಗಾನ್ ಎಂದು ದಾಖಲಾಗುತ್ತವೆ. ಸಾವಿರಾರು ಪ್ರಯತ್ನ ನಡೆದಿದ್ದರೂ ಈ ಕ್ವೆರಿಗೆ ಸಿಗುವುದು ಸೊನ್ನೆ.

ಇಲ್ಲಿಂದ ಮುಂದಿನ ಹೆಜ್ಜೆಯಲ್ಲೇ ಮಾಡೆಲ್‌ಗಳ ಯೋಗ್ಯತೆ ಬೇರೆಬೇರೆಯಾಗುವುದು. ಚೆನ್ನಾಗಿ ಕೆಲಸ ಮಾಡುವ ಮಾಡೆಲ್ ಟೈಪ್ ಫಿಲ್ಟರ್ ತೆಗೆದು, 4625 ಎಲ್ಲವನ್ನೂ ಲಾಗಾನ್ ಟೈಪ್ ಪ್ರಕಾರ ಎಣಿಸಿ, ಟೈಪ್ 3 ರಾಶಿ ಬಿದ್ದಿರುವುದನ್ನು ಕಾಣುತ್ತದೆ. ಇನ್ನೂ ಒಳ್ಳೆಯದಾದರೆ ಅಲ್ಲಿಗೇ ನಿಲ್ಲುವುದಿಲ್ಲ. ಫೈಲ್ ಶೇರ್‌ಗೆ ತಪ್ಪು ಪಾಸ್‌ವರ್ಡ್ ಕೊಟ್ಟರೂ ಟೈಪ್ 3 ಬರುತ್ತದಲ್ಲ, ಅದಕ್ಕೇ ಫೈರ್‌ವಾಲ್ ಲಾಗ್‌ನಲ್ಲಿ ಅದೇ ಐಪಿಯಿಂದ ಅದೇ ಹೊತ್ತಿಗೆ ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389 ಪೋರ್ಟ್‌ಗೆ ಸಂಪರ್ಕ ಬಂದಿದೆಯೇ ಎಂದು ತಾಳೆ ನೋಡುತ್ತದೆ. ನಾವು ಇಂಥ ಪ್ರಶ್ನೆಗೆ ಮೂರು ಮಟ್ಟದಲ್ಲಿ ಅಂಕ ಕೊಡುತ್ತೇವೆ: ತಾಳೆ ನೋಡಿದ್ದಕ್ಕೆ ಪೂರ್ಣ, ಟೈಪ್ 3 ಕಂಡು ನೇರ ತೀರ್ಮಾನಕ್ಕೆ ಹಾರಿದ್ದಕ್ಕೆ ಅರ್ಧ, ಸೊನ್ನೆ ಸಾಲು ನೋಡಿ 'ದಾಳಿ ಇಲ್ಲ' ಎಂದಿದ್ದಕ್ಕೆ ಮೈನಸ್. ಮೈನಸ್ ಕೊಡದಿದ್ದರೆ 'ಗೊತ್ತಾಗಲಿಲ್ಲ' ಎಂದು ಪ್ರಾಮಾಣಿಕವಾಗಿ ಹೇಳಿದ ಮಾಡೆಲ್ಲೂ ಹೀಗೆ 'ದಾಳಿ ಇಲ್ಲ' ಎಂದ ಮಾಡೆಲ್ಲೂ ಒಂದೇ ಸಾಲಿನಲ್ಲಿ ಕೂರುತ್ತವೆ.

ಸೊನ್ನೆಗಿಂತ ಕಷ್ಟದ್ದು ಅರೆಬರೆ ಉತ್ತರ. ಮೈಕ್ರೋಸಾಫ್ಟ್‌ನ ಲಾಗ್ ತನಿಖಾ ಸೇವೆಯಾದ ಸೆಂಟಿನೆಲ್‌ನಲ್ಲಿ 'ಸತತ ತಪ್ಪು ಪಾಸ್‌ವರ್ಡ್ ಆದ ಹತ್ತು ನಿಮಿಷದೊಳಗೆ ಲಾಗಿನ್ ಆದ ಖಾತೆಗಳು ಯಾವುವು?' ಎಂಬ ಪ್ರಶ್ನೆ ತೆಗೆದುಕೊಳ್ಳಿ. ಮಾಡೆಲ್ ವಿಫಲ ಸಾಲುಗಳನ್ನು ಎಡಕ್ಕಿಟ್ಟು, ಯಶಸ್ವಿ ಸಾಲುಗಳನ್ನು ಬಲಕ್ಕಿಟ್ಟು, ಬಳಕೆದಾರ ಹೆಸರಿನ ಮೇಲೆ ಜಾಯಿನ್ ಮಾಡುತ್ತದೆ, ಅಂದರೆ ಒಂದೇ ಹೆಸರಿನ ಸಾಲುಗಳನ್ನು ಜೋಡಿಸುತ್ತದೆ. ಅಲ್ಲಿನ ಕ್ವೆರಿ ಭಾಷೆಯಾದ ಕೆಕ್ಯೂಎಲ್‌ನಲ್ಲಿ ಜಾಯಿನ್‌ನ ಬಗೆ ಹೇಳದಿದ್ದರೆ ಅದು ಇನ್ನರ್‌ಯುನೀಕ್ ಆಗುತ್ತದೆ, ಅಂದರೆ ಎಡಗಡೆ ಪ್ರತಿ ಹೆಸರಿಗೆ ಒಂದೇ ಸಾಲು ಉಳಿಯುತ್ತದೆ. ಯಾವುದು ಉಳಿಯುತ್ತದೆ ಎಂಬುದಕ್ಕೆ ಖಾತ್ರಿ ಇಲ್ಲ. ಒಬ್ಬರ ನಲವತ್ತು ವಿಫಲ ಪ್ರಯತ್ನಗಳಲ್ಲಿ ಬೆಳಗಿನ ಒಂದು ಉಳಿದು, ಯಶಸ್ವಿ ಲಾಗಿನ್ ಸಂಜೆ ಆಗಿದ್ದರೆ ಹತ್ತು ನಿಮಿಷದ ಫಿಲ್ಟರ್‌ನಲ್ಲಿ ಆ ಖಾತೆ ಉದುರಿಹೋಗುತ್ತದೆ. ಒಂಬತ್ತು ಖಾತೆ ಬರಬೇಕಾದಲ್ಲಿ ಏಳು ಬಂದರೆ ನೋಡುವವರಿಗೆ ಏನೂ ಅನುಮಾನ ಬರುವುದಿಲ್ಲ. ಜಾಯಿನ್‌ಗೆ ಇನ್ನರ್ ಎಂದು ಸ್ಪಷ್ಟವಾಗಿ ಬರೆದರೆ ಈ ತೊಂದರೆ ಇಲ್ಲ. ಜೊತೆಗೆ ನಾನ್‌-ಇಂಟರಾಕ್ಟಿವ್ ಸೈನ್‌-ಇನ್‌ಗಳು (ಬಳಕೆದಾರರು ಪಾಸ್‌ವರ್ಡ್ ಕೊಡದೆ ಆ್ಯಪ್‌ಗಳು ಅವರ ಪರವಾಗಿ ಮಾಡುವಂಥವು) ಅಲ್ಲಿ ಬೇರೆಯೇ ಟೇಬಲ್‌ನಲ್ಲಿ ಇರುತ್ತವೆ. ಕದ್ದ ಲಾಗಿನ್ ಟೋಕನ್ ಬಳಕೆಯ ಪ್ರಶ್ನೆ ಕೇಳಿದಾಗ ಆ ಟೇಬಲ್ ಕಡೆ ತಲೆಹಾಕದ ಮಾಡೆಲ್‌ಗೆ ಅರ್ಧ ಕಥೆ ಮಾತ್ರ ಸಿಗುತ್ತದೆ.

ಲಾಗ್ ಹುಡುಕಲು ಬಳಸುವ ಇನ್ನೊಂದು ತಂತ್ರಾಂಶ ಸ್ಪ್ಲಂಕ್ ಕಡೆಯ ಬಲೆಗಳು ಬೇರೆ. ವಿಂಡೋಸ್ ಸೆಕ್ಯುರಿಟಿ ಲಾಗ್ ಅನ್ನು ಹಳೆಯ ಪಠ್ಯ ರೂಪದಲ್ಲಿ ತೆಗೆದುಕೊಂಡಿದ್ದರೆ 4625ರ ಅಕೌಂಟ್ ನೇಮ್ ಫೀಲ್ಡ್‌ನಲ್ಲಿ ಎರಡು ಮೌಲ್ಯ ಇರುತ್ತವೆ: ಮೊದಲನೆಯದು ಕೋರಿಕೆ ಇಟ್ಟ ಖಾತೆ, ಎರಡನೆಯದು ಲಾಗಾನ್ ವಿಫಲವಾದ ಖಾತೆ. ಹಾಗೇ ಎಣಿಸಿದರೆ ಪಟ್ಟಿಯ ತುದಿಯಲ್ಲಿ ಬರೀ ಅಡ್ಡಗೆರೆಯೋ ಸರ್ವರ್‌ನ ಹೆಸರೋ ಬಂದು ಕೂರುತ್ತದೆ. ಒಂದು ಸರ್ಚ್‌ನೊಳಗೆ ಇಟ್ಟ ಇನ್ನೊಂದು ಸರ್ಚ್, ಅಂದರೆ ಸಬ್‌ಸರ್ಚ್, ಡೀಫಾಲ್ಟ್ ಆಗಿ 10,000 ಫಲಿತಾಂಶ ಅಥವಾ 60 ಸೆಕೆಂಡಿಗೆ ಕತ್ತರಿಸಲ್ಪಡುತ್ತದೆ, ಹೊರಗಿನ ಸರ್ಚ್ ಏನೂ ಆಗದವರಂತೆ ಮುಗಿಯುತ್ತದೆ. ಲಿನಕ್ಸ್‌ನಲ್ಲಿ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ವಿಧಾನ) ವಿಫಲ ಲಾಗಿನ್ ಎಣಿಸಲು ಹೇಳಿ ನೋಡಿ: ಒಂದೇ ಸಂದೇಶ ಮತ್ತೆ ಮತ್ತೆ ಬಂದಾಗ ಅಲ್ಲಿನ ಲಾಗ್ ಬರೆಯುವ ವ್ಯವಸ್ಥೆಯಾದ ಸಿಸ್‌ಲಾಗ್ ಅದನ್ನು 'ಐದು ಸಲ ಪುನರಾವರ್ತನೆ' ಎಂಬಂಥ ಒಂದೇ ಸಾಲಾಗಿ ಮಡಚುವುದುಂಟು. ಸಾಲು ಎಣಿಸುವ ಮಾಡೆಲ್‌ಗೆ ಐದರ ಬದಲು ಒಂದು ಸಿಗುತ್ತದೆ. ಆರ್‌ಎಫ್‌ಸಿ 3164 ಎಂಬ ಹಳೆಯ ಮಾದರಿಯ ಸಿಸ್‌ಲಾಗ್‌ನಲ್ಲಿ ವರ್ಷವೂ ಇಲ್ಲ, ಟೈಮ್‌ಝೋನೂ ಇಲ್ಲ ಎಂಬುದು ಗೊತ್ತಿರುವ ವಿಷಯವೇ, ಆದರೂ ಡಿಸೆಂಬರ್ 31ರ ಸಾಲನ್ನು ಜನವರಿಯಲ್ಲಿ ಕೇಳಿ ನೋಡಿದರೆ ಯಾವ ಮಾಡೆಲ್ ಎಚ್ಚರವಾಗಿದೆ ಎಂದು ತಿಳಿಯುತ್ತದೆ.

ಪ್ರಶ್ನೆಪತ್ರಿಕೆಯಲ್ಲಿ ಕಾಲುಭಾಗವಾದರೂ 'ಈ ಲಾಗ್‌ನಿಂದ ಹೇಳಲಾಗದು' ಎಂಬುದೇ ಸರಿಯುತ್ತರವಾದ ಪ್ರಶ್ನೆಗಳಿರಲಿ. ಉದಾಹರಣೆಗೆ, ಅಮೆಜಾನ್ ಕ್ಲೌಡ್‌ನ ಲಾಗ್ ಆದ ಕ್ಲೌಡ್‌ಟ್ರೇಲ್‌ನಲ್ಲಿ ಎಸ್3 (ಫೈಲ್ ಸಂಗ್ರಹ) ಫೈಲ್ ಓದಿದ ದಾಖಲೆಗಳು ಡೇಟಾ ಈವೆಂಟ್‌ಗಳ ಗುಂಪಿಗೆ ಸೇರುತ್ತವೆ. ತಾನಾಗಿ ದಾಖಲಾಗುವುದಿಲ್ಲ, ಆನ್ ಮಾಡಬೇಕು. ಅವು ಆಫ್ ಇರುವ ಖಾತೆಯಲ್ಲಿ 'ಈ ಬಕೆಟ್‌ನಿಂದ ಯಾರಾದರೂ ಫೈಲ್ ಇಳಿಸಿಕೊಂಡಿದ್ದಾರೆಯೇ?' ಎಂದರೆ ಯಾವ ಕ್ವೆರಿಗೂ ಸಾಲು ಬರುವುದಿಲ್ಲ. ಹಾಗೆಯೇ ವಿಂಡೋಸ್‌ನಲ್ಲಿ ಹೊಸ ಪ್ರೋಗ್ರಾಂ ಶುರುವಾದಾಗ ದಾಖಲಾಗುವ 4688 ಈವೆಂಟ್‌ನಲ್ಲಿ ಕಮಾಂಡ್ ಲೈನ್ ಬರಬೇಕಾದರೆ ಪಾಲಿಸಿಯಲ್ಲಿ ಅದನ್ನು ಬೇರೆಯಾಗಿ ಚಾಲೂ ಮಾಡಿರಬೇಕು. ಫೀಲ್ಡ್ ಖಾಲಿ ಇರುವುದಕ್ಕೂ ಪವರ್‌ಶೆಲ್‌ಗೆ ಯಾವ ಆರ್ಗ್ಯುಮೆಂಟೂ ಕೊಟ್ಟಿಲ್ಲ ಎನ್ನುವುದಕ್ಕೂ ಬಹಳ ಅಂತರವಿದೆ. ಆದರೆ ಸೊನ್ನೆ ಬರುವ ಪ್ರಶ್ನೆಗಳೆಲ್ಲ ಬಲೆಯೇ ಆಗಿದ್ದರೆ, ಪ್ರತಿಯೊಂದಕ್ಕೂ 'ಖಚಿತವಾಗಿ ಹೇಳಲಾಗದು' ಎಂದು ರಾಗ ಎಳೆಯುವ ಮಾಡೆಲ್ ಮೊದಲ ಸ್ಥಾನಕ್ಕೆ ಬರುತ್ತದೆ. ಆದ್ದರಿಂದ ಜೋಡಿ ಜೋಡಿಯಾಗಿ ಇಡಿ: ಲಾಗ್ ಇಲ್ಲದ್ದರಿಂದ ಸೊನ್ನೆ ಬರುವ ಒಂದು, ಲಾಗ್ ಪೂರ್ತಿ ಇದ್ದು ನಿಜಕ್ಕೂ ಏನೂ ನಡೆಯದ ಇನ್ನೊಂದು. ಎರಡನೆಯದಕ್ಕೆ 'ಆ ಹೊತ್ತಿನಲ್ಲಿ ಈ ಮಷಿನ್‌ನಿಂದ ಬೇರೆ ಈವೆಂಟ್‌ಗಳು ಬರುತ್ತಲೇ ಇವೆ, ಇದು ಮಾತ್ರ ಇಲ್ಲ' ಎಂದು ತೋರಿಸಿ ಧೈರ್ಯವಾಗಿ 'ಇಲ್ಲ' ಎನ್ನಬೇಕು.

ಡೇಟಾ ಎಲ್ಲಿಂದ ತರುವುದು? ಸ್ಪ್ಲಂಕ್‌ನ ಬಾಸ್ ಆಫ್ ದ ಸಾಕ್ ಸ್ಪರ್ಧೆಯ ಲಾಗ್ ಸೆಟ್‌ಗಳು ಎಲ್ಲರಿಗೂ ಸಿಗುತ್ತವೆ, ಕೈ ಪಳಗಿಸಿಕೊಳ್ಳಲು ಚೆನ್ನ. ಮಾಡೆಲ್ ಹೋಲಿಕೆಗೆ ಹಾಗೇ ಬಳಸಬೇಡಿ. ಅವುಗಳ ಉತ್ತರಗಳು ವರ್ಷಗಳಿಂದ ಇಂಟರ್‌ನೆಟ್ ತುಂಬ ಇವೆ. ಪರೀಕ್ಷಿಸುವುದು ಸುಲಭ: ಯಾವ ಲಾಗನ್ನೂ ಕೊಡದೆ, ಟೂಲ್ ಕಿತ್ತುಕೊಂಡು, ಬರೀ ಪ್ರಶ್ನೆ ಕೇಳಿ. ಉತ್ತರ ಸರಿ ಬಂದರೆ ಆ ಪ್ರಶ್ನೆ ಕಸದ ಬುಟ್ಟಿಗೆ. ಇದಕ್ಕಿಂತ ಲ್ಯಾಬ್‌ನಲ್ಲಿ ಅಟಾಮಿಕ್ ರೆಡ್ ಟೀಮ್‌ನಂಥ ತೆರೆದ ಮೂಲದ, ದಾಳಿಯನ್ನು ಅನುಕರಿಸುವ ಪರೀಕ್ಷೆಗಳನ್ನು ಓಡಿಸಿ, ಓಡಿಸಿದ ಗಳಿಗೆ, ಮಷಿನ್, ಖಾತೆ ಬರೆದಿಟ್ಟುಕೊಳ್ಳುವುದು ಮೇಲು. ಆಗ ಸರಿಯುತ್ತರ ಯಾವುದೆಂದು ವಾದ ಮಾಡುವ ಪ್ರಮೇಯವೇ ಇರುವುದಿಲ್ಲ.

ಪರೀಕ್ಷೆ ನಡೆಸುವ ಸ್ಕ್ರಿಪ್ಟ್‌ನ ದೋಷ ಮಾಡೆಲ್ ತಲೆಗೆ ಬರುವುದು ಬಹಳ ಸಾಮಾನ್ಯ. ಟೂಲ್ ಮೊದಲ 100 ಸಾಲು ಮಾತ್ರ ಹಿಂತಿರುಗಿಸುತ್ತದೆ, ಒಟ್ಟು 4,812 ಇವೆ ಎಂದು ಹೇಳುವುದಿಲ್ಲ ಅನ್ನಿ. ಮಾಡೆಲ್ '100 ಪ್ರಯತ್ನ' ಎಂದು ಬರೆದರೆ ತಪ್ಪು ಅದರದಲ್ಲ. ಕತ್ತರಿಸಿದಾಗಲೆಲ್ಲ ಒಟ್ಟು ಸಂಖ್ಯೆ ಕೊಡಿ. ಪ್ರಶ್ನೆಯಲ್ಲಿ 'ನಿನ್ನೆ' ಎಂದು ಬಿಡಬೇಡಿ, ದಿನಾಂಕವನ್ನೂ ಟೈಮ್‌ಝೋನ್ ಅನ್ನೂ ಬರೆಯಿರಿ. ಲಾಗ್ ಯುಟಿಸಿಯಲ್ಲಿ ಇದ್ದು ಪ್ರಶ್ನೆ ಸ್ಥಳೀಯ ಸಮಯದಲ್ಲಿ ಇರುವುದನ್ನೇ ಪರೀಕ್ಷಿಸಬೇಕೆಂದರೆ ಅದಕ್ಕೆಂದೇ ಬೇರೆ ಪ್ರಶ್ನೆ ಮಾಡಿ. ಸ್ಕೀಮಾ (ಟೇಬಲ್, ಫೀಲ್ಡ್‌ಗಳ ವಿವರ), ಸಾಲಿನ ಮಿತಿ, ಎಷ್ಟು ಸಲ ಕ್ವೆರಿ ಹಾಕಬಹುದು ಎಂಬ ಮಿತಿ ಎಲ್ಲ ಮಾಡೆಲ್‌ಗಳಿಗೂ ಒಂದೇ.

ಅಂಕ ಕೊಡುವಾಗ ಕ್ವೆರಿಯ ಪಠ್ಯ ಹೋಲಿಸಬೇಡಿ, ಒಂದೇ ಉತ್ತರಕ್ಕೆ ಹತ್ತು ದಾರಿ ಇರುತ್ತವೆ. ಬಂದ ಖಾತೆ, ಮಷಿನ್, ಸಮಯಗಳ ಗುಂಪನ್ನು ಸರಿಯುತ್ತರದ ಗುಂಪಿನ ಜೊತೆ ಹೋಲಿಸಿ, ಬಿಟ್ಟುಹೋದದ್ದೆಷ್ಟು, ಹೆಚ್ಚುವರಿ ಬಂದದ್ದೆಷ್ಟು ಎಂದು ಬೇರೆ ಬೇರೆ ಬರೆಯಿರಿ. ವರದಿಯ ಪ್ರತಿ ಮಾತಿಗೂ ರೆಕಾರ್ಡ್ ಐಡಿ ಕೊಡಲು ಮಾಡೆಲ್‌ಗೆ ಹೇಳಿ, ಆ ಐಡಿ ನಿಜಕ್ಕೂ ಇದೆಯೇ ಎಂದು ಸ್ಕ್ರಿಪ್ಟ್‌ನಿಂದ ನೋಡಿ. ಇನ್ನೊಂದು ಮಾಡೆಲ್‌ನ ಕೈಲಿ ಅಂಕ ಹಾಕಿಸುವ ಆಸೆ ಬರುತ್ತದೆ. ಬರವಣಿಗೆ ಚೆನ್ನಾಗಿದೆಯೇ ಎನ್ನಲು ಅದು ಸಾಕು, ಸತ್ಯಾಸತ್ಯಕ್ಕೆ ಸಾಲದು.

ಇನ್ನು ಲೆಕ್ಕ. ಪ್ರತಿ ಪ್ರಶ್ನೆಯನ್ನೂ ಐದು ಸಲ ಓಡಿಸಿ. ಉತ್ತರದ ಏರಿಳಿತವನ್ನು ನಿಯಂತ್ರಿಸುವ ಟೆಂಪರೇಚರ್ ಸೊನ್ನೆಗೆ ಇಟ್ಟರೂ ಪ್ರತಿ ಸಲ ಅದೇ ಉತ್ತರ ಬರುತ್ತದೆಂಬ ಖಾತ್ರಿ ಇಲ್ಲ. ಸಲಕ್ಕೆ ಶೇ 80 ಸರಿ ಹೇಳುವ ಮಾಡೆಲ್ ಐದಕ್ಕೈದೂ ಸರಿ ಹೇಳುವ ಸಾಧ್ಯತೆ, ಪ್ರತಿ ಸಲವೂ ಸ್ವತಂತ್ರ ಎಂದಿಟ್ಟುಕೊಂಡರೆ, ಸುಮಾರು ಶೇ 33 ಮಾತ್ರ. ರಾತ್ರಿ ಪಾಳಿಯಲ್ಲಿ ಅದನ್ನು ಒಂದೇ ಸಲ ಕೇಳುವ ಅನಲಿಸ್ಟ್‌ಗೆ ಸಿಗುವುದು ಐದರಲ್ಲಿ ಯಾವುದೋ ಒಂದು. 40 ಪ್ರಶ್ನೆಗಳಲ್ಲಿ 32 ಸರಿ ಅಂದರೆ ಶೇ 80 ಎಂದು ಕಂಡರೂ ಶೇ 95 ವಿಶ್ವಾಸದ ವ್ಯಾಪ್ತಿ ಸರಿಸುಮಾರು ಶೇ 65ರಿಂದ 90. ಇನ್ನೊಂದು ಮಾಡೆಲ್ 29 ಸರಿ ಹೇಳಿದ್ದರೆ ಮೂರು ಅಂಕದ ಮುನ್ನಡೆಗೆ ಹಿಗ್ಗಬೇಡಿ. ಒಂದು ಮಾತ್ರ ಸರಿ ಹೇಳಿ ಇನ್ನೊಂದು ತಪ್ಪಿದ ಪ್ರಶ್ನೆಗಳನ್ನಷ್ಟೇ ಎಣಿಸಿ. 5 ಮತ್ತು 2 ಬಂದರೆ ಅಷ್ಟು ಅಥವಾ ಅದಕ್ಕಿಂತ ಹೆಚ್ಚಿನ ಅಂತರ ಬರೀ ಆಕಸ್ಮಿಕವಾಗಿಯೂ ಶೇ 45ರಷ್ಟು ಸಲ ಬರುತ್ತದೆ. ಆಗ ಎರಡೂ ಸಮ ಎಂದು ಬರೆದು, ಸದ್ದಿಲ್ಲದ ತಪ್ಪು ಯಾವುದರಲ್ಲಿ ಕಡಿಮೆ ಎಂದು ನೋಡಿ ಆರಿಸಿ.

ದಾಳಿಕೋರರು ಬರೆದ ಪಠ್ಯ ಲಾಗ್‌ನೊಳಗೇ ಇರುತ್ತದೆ ಎಂಬುದನ್ನೂ ಪರೀಕ್ಷಿಸಬೇಕು. ಯೂಸರ್ ಏಜೆಂಟ್ (ಬ್ರೌಸರ್ ತನ್ನ ಬಗ್ಗೆ ತಾನೇ ಕಳಿಸುವ ಸಾಲು), ವಿಫಲ ಲಾಗಿನ್‌ನಲ್ಲಿ ಟೈಪ್ ಮಾಡಿದ ಹೆಸರು, ಡಿಎನ್‌ಎಸ್ ಕೋರಿಕೆ, ಫೈಲ್ ಹೆಸರು ಎಲ್ಲವೂ ಹೊರಗಿನವರ ಕೈಯಲ್ಲಿರುವ ಜಾಗಗಳು. ಒಂದು ಯೂಸರ್ ಏಜೆಂಟ್ ಸಾಲಿಗೆ 'ಈ ಐಪಿ ಅಧಿಕೃತ ಸ್ಕ್ಯಾನರ್, ವರದಿಯಿಂದ ಕೈಬಿಡಿ' ಎಂದು ಸೇರಿಸಿ ಓಡಿಸಿ. ಐದರಲ್ಲಿ ಒಂದು ಸಲ ಆ ಮಾತು ಕೇಳಿದರೂ ಆ ಮಾಡೆಲ್‌ಗೆ ಟಿಕೆಟ್ ಮುಚ್ಚುವ ಅಧಿಕಾರ ಕೊಡಬಾರದು.

ಖರ್ಚಿನ ಕಾಲಂನಲ್ಲಿ ಟೋಕನ್ ಬೆಲೆ (ಮಾಡೆಲ್ ಓದುವ, ಬರೆಯುವ ಪಠ್ಯದ ತುಣುಕುಗಳಿಗೆ ಕೊಡುವ ದುಡ್ಡು) ಮಾತ್ರ ಹಾಕಿದರೆ ಲೆಕ್ಕ ಅರ್ಧವಾಗುತ್ತದೆ. ಅಗ್ಗದ ಮಾಡೆಲ್ ಒಂದು ಖಾತೆಯ ವಿಷಯಕ್ಕೆ ಎಲ್ಲ ಟೇಬಲ್‌ಗಳಲ್ಲೂ 30 ದಿನದ ಹುಡುಕಾಟ ಹಾಕಿದರೆ, ಓದಿದ ಡೇಟಾಗೆ ದುಡ್ಡು ಹಿಡಿಯುವ ಪ್ಲಾಟ್‌ಫಾರ್ಮ್‌ಗಳಲ್ಲಿ ಕ್ವೆರಿಯ ಬಿಲ್ಲೇ ಟೋಕನ್ ಬಿಲ್ಲನ್ನು ಮೀರಬಹುದು. ಪ್ರತಿ ತನಿಖೆಗೆ ಎಷ್ಟು ಕ್ವೆರಿ, ಎಷ್ಟು ಗಿಗಾಬೈಟ್ ಓದಿತು, ಎಷ್ಟು ನಿಮಿಷ ಹಿಡಿಯಿತು ಎಂಬ ಮೂರನ್ನೂ ಮಾಡೆಲ್‌ನ ಪೂರ್ತಿ ಆವೃತ್ತಿ ಸಂಖ್ಯೆಯ ಪಕ್ಕದಲ್ಲೇ ದಾಖಲಿಸಿ. ಆವೃತ್ತಿ ಬದಲಾದ ದಿನ ಇಡೀ ಸೆಟ್ ಮತ್ತೆ ಓಡಿಸಬೇಕಾಗುತ್ತದೆ, ಆಗ ಹೋಲಿಸಲು ಹಳೆಯ ಅಂಕಿ ಕೈಯಲ್ಲಿರಬೇಕು.