ಹಳೇ ಲೇಸರ್ ಪ್ರಿಂಟರಿನ 16 ಎಂಬಿ ಎಲ್ಲಿಗೆ ಹೋಗುತ್ತೆ?

ಗುಜರಿಗೆ ಹೊರಟಿದ್ದ ಆಫೀಸ್ ಪ್ರಿಂಟರೊಂದನ್ನು ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರಿಗೆ ಸಿಕ್ಕಿಸಿಕೊಂಡು, ಅದರ 16 ಎಂಬಿ ಮೆಮೊರಿ ಯಾವಾಗ ತುಂಬುತ್ತೆ ಅಂತ ನೋಡುವ ಕೆಲಸ ಒಂದು ಹಂತಕ್ಕೆ ಬಂದಿದೆ. ರೋಲರ್ ಬದಲಾಯಿಸಿದ್ದು, ಟೋನರ್ ತುಂಬಿಸಿದ್ದು ಎಲ್ಲರೂ ಮಾಡುವಂಥದ್ದೇ, ಅದನ್ನು ಬಿಡುತ್ತೇನೆ.

ಮೊದಲು ಲೆಕ್ಕ. 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಒಂದು ಎ4 ಹಾಳೆ ಅಂದರೆ ಅಡ್ಡಕ್ಕೆ 4,960 ಚುಕ್ಕಿ, ಉದ್ದಕ್ಕೆ 7,016 ಸಾಲು. ಕಪ್ಪು-ಬಿಳುಪು ತಾನೇ, ಚುಕ್ಕಿಗೊಂದು ಬಿಟ್ ಸಾಕು. ಸಾಲಿಗೆ 620 ಬೈಟ್, ಹಾಳೆಗೆ ಸುಮಾರು 4.35 ಎಂಬಿ. 1200 ಡಿಪಿಐಗೆ ಹೋದರೆ ಇದರ ನಾಲ್ಕು ಪಟ್ಟು, 17.4 ಎಂಬಿ. ಮಷೀನಿನಲ್ಲಿರೋದೇ 16. ಆದರೂ 1200ರಲ್ಲಿ ಅಕ್ಷರಗಳ ಪುಟ ಸಲೀಸಾಗಿ ಬರುತ್ತೆ.

ಯಾಕಂದರೆ ಪುಟದ ಚಿತ್ರ ಪೂರ್ತಿಯಾಗಿ ಮೆಮೊರಿಯಲ್ಲಿ ಕೂರುವುದೇ ಇಲ್ಲ. ಕಂಪ್ಯೂಟರಿನಿಂದ ಬಂದ ಪಿಸಿಎಲ್ (ಪುಟದಲ್ಲಿ ಏನೆಲ್ಲಿ ಬರಬೇಕು ಅಂತ ಪ್ರಿಂಟರಿಗೆ ಹೇಳುವ ಭಾಷೆ) ಆದೇಶಗಳನ್ನು ಓದಿ ಪ್ರಿಂಟರ್ ಮೊದಲು ಒಂದು ಪಟ್ಟಿ ಮಾಡಿಕೊಳ್ಳುತ್ತೆ: ಇಂಥ ಜಾಗದಲ್ಲಿ ಇಂಥ ಅಕ್ಷರ, ಇಲ್ಲೊಂದು ಗೆರೆ. ಡಿಸ್‌ಪ್ಲೇ ಲಿಸ್ಟ್ ಅನ್ನೋದು ಇದನ್ನೇ. ಆಮೇಲೆ ಪುಟವನ್ನು ಅಡ್ಡಡ್ಡ ತುಂಡು ಮಾಡಿ, ಒಂದು ತುಂಡು ಲೇಸರಿಗೆ ಹೋಗುತ್ತಿರುವಾಗಲೇ ಮುಂದಿನದನ್ನು ಚುಕ್ಕಿಗಳಾಗಿ ಬಿಡಿಸುತ್ತೆ.

ಇದರಲ್ಲೊಂದು ಅಪಾಯ ಇದೆ. ಇಂಕ್‌ಜೆಟ್ ಆದರೆ ಡೇಟಾ ಬರುವ ತನಕ ಹೆಡ್ಡನ್ನು ಅಂಚಿನಲ್ಲಿ ನಿಲ್ಲಿಸಿ ಕಾಯಬಹುದು. ಲೇಸರಿನಲ್ಲಿ ಹಾಳೆ ಹೊರಟಿತೋ ಮುಗೀತು. ಡ್ರಮ್ಮು, ಹಾಳೆ, ಟೋನರನ್ನು ಬಿಸಿಯಲ್ಲಿ ಹಾಳೆಗೆ ಅಂಟಿಸುವ ಫ್ಯೂಸರು ಎಲ್ಲ ಒಂದೇ ವೇಗದಲ್ಲಿ ತಿರುಗುತ್ತಿರುತ್ತವೆ. ನಿಮಿಷಕ್ಕೆ 21 ಪುಟ ಅಂದರೆ ಪುಟಕ್ಕೆ ಮೂರು ಸೆಕೆಂಡೂ ಇಲ್ಲ, 600 ಡಿಪಿಐನಲ್ಲೇ ಸೆಕೆಂಡಿಗೆ ಹತ್ತಿರ ಹತ್ತಿರ 2,450 ಸಾಲು ರೆಡಿ ಇರಬೇಕು. ತಡವಾದರೆ ಪುಟ ಅರ್ಧಕ್ಕೇ ತುಂಡಾಗುತ್ತೆ, ಅದೇ ಪ್ರಿಂಟ್ ಓವರ್‌ರನ್. ಹಳೇ ಲೇಸರ್‌ಜೆಟ್‌ಗಳಲ್ಲಿ ಪೇಜ್ ಪ್ರೊಟೆಕ್ಷನ್ ಅಂತ ಒಂದು ಸೆಟ್ಟಿಂಗ್ ಇದ್ದದ್ದು ಇದಕ್ಕೇ. ಆನ್ ಮಾಡಿದರೆ ಇಡೀ ಪುಟಕ್ಕಾಗುವಷ್ಟು ಮೆಮೊರಿ ಮೊದಲೇ ತೆಗೆದಿಟ್ಟು, ಪುಟ ಪೂರ್ತಿ ತಯಾರಾದ ಮೇಲಷ್ಟೇ ಹಾಳೆ ಎಳೆಯುತ್ತಿತ್ತು.

1984ರ ಮೊದಲ ಎಚ್‌ಪಿ ಲೇಸರ್‌ಜೆಟ್ 128 ಕೆಬಿಯಲ್ಲಿ ಬದುಕಿತ್ತು. 300 ಡಿಪಿಐನಲ್ಲಿ ಒಂದು ಪುಟಕ್ಕೆ ಒಂದು ಎಂಬಿ ದಾಟುತ್ತೆ, ಹಾಗಾಗಿ ಅಕ್ಷರಗಳಿಗೆ ತೊಂದರೆ ಇಲ್ಲ, ಪುಟ ತುಂಬ ಚಿತ್ರ ಮಾತ್ರ ಆಗದ ಮಾತು. ಮರುವರ್ಷ ಬಂದ ಆಪಲ್ ಲೇಸರ್‌ರೈಟರಿನಲ್ಲಿ 1.5 ಎಂಬಿ ಹಾಕಿದ್ದರು.

ಇನ್ನು ಪ್ರಯೋಗ. ಪ್ರಿಂಟರಿನ ಸ್ಥಿತಿ ಕೇಳುವ, ಸೆಟ್ಟಿಂಗ್ ಬದಲಿಸುವ ಆದೇಶಗಳ ಭಾಷೆಯಾದ ಪಿಜೆಎಲ್‌ನ 'ಇನ್ಫೋ ಮೆಮೊರಿ' ಆದೇಶ ಕಳಿಸಿದರೆ ಪ್ರಿಂಟರ್ ಎರಡು ಅಂಕಿ ಹೇಳುತ್ತೆ: ಒಟ್ಟು ಖಾಲಿ ಎಷ್ಟು, ಒಟ್ಟಿಗೆ ಸಿಗುವ ಅತಿ ದೊಡ್ಡ ತುಂಡು ಎಷ್ಟು. ಎಂಬಿ ಖಾಲಿ ಇದ್ದರೂ ಅದು ಚೂರುಚೂರಾಗಿ ಹಂಚಿಹೋಗಿದ್ದರೆ ದೊಡ್ಡ ಕೆಲಸಕ್ಕೆ ಬರಲ್ಲ, ಹಾಗಾಗಿ ಎರಡೂ ಮುಖ್ಯ.

ಕನ್ನಡದ ಪುಟಕ್ಕೆ ಅಂಥ ಹೊರೆ ಏನೂ ಬೀಳಲಿಲ್ಲ. ಪ್ರಿಂಟರಿನ ಹೊಟ್ಟೆಯಲ್ಲಿ ಕನ್ನಡ ಫಾಂಟ್ ಇಲ್ಲ, ನಿಜ. ಆದರೆ ಒತ್ತಕ್ಷರ ಜೋಡಿಸುವ ತಲೆನೋವೆಲ್ಲ ಕಂಪ್ಯೂಟರಿನದು. ಪುಟದಲ್ಲಿ ಬಳಕೆಯಾದ ಆಕಾರಗಳನ್ನಷ್ಟೇ ಡ್ರೈವರ್ ಒಂದು ಸಲ ಇಳಿಸುತ್ತೆ. 'ಕ್ಷ' ಐವತ್ತು ಸಲ ಬಂದರೂ ಹೋಗುವ ಆಕಾರ ಒಂದೇ. ಅದೇ ಪುಟವನ್ನು ಚಿತ್ರವಾಗಿ ಕಳಿಸಿದೆ. ಡೆಲ್ಟಾ ರೋ ಕಂಪ್ರೆಷನ್ ಮೇಲಿನ ಸಾಲಿಗಿಂತ ಬೇರೆಯಾದ ಬೈಟ್‌ಗಳನ್ನಷ್ಟೇ ಕಳಿಸುವುದರಿಂದ ಅದೂ ಪುಟ್ಟದಾಗಿಯೇ ಉಳಿಯಿತು. ಸೋತದ್ದು ಫೋಟೋ. ಬೂದು ಬಣ್ಣವನ್ನು ಎರರ್ ಡಿಫ್ಯೂಷನ್ನಿನಲ್ಲಿ (ಕಪ್ಪು ಚುಕ್ಕಿಗಳನ್ನು ಚದುರಿಸಿ ಬೂದು ತೋರಿಸುವ ವಿಧಾನ) ಚುಕ್ಕಿ ಮಾಡಿದರೆ ಪಕ್ಕಪಕ್ಕದ ಸಾಲುಗಳಿಗೆ ಸಂಬಂಧವೇ ಇರಲ್ಲ, ಕುಗ್ಗಿಸಲು ಏನೂ ಸಿಗಲ್ಲ. 1200 ಡಿಪಿಐನಲ್ಲಿ ಅರ್ಧ ಮುಖ ಒಂದು ಹಾಳೆಯಲ್ಲಿ, ಉಳಿದರ್ಧ ಇನ್ನೊಂದರಲ್ಲಿ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹುಡುಕಿ 64 ಎಂಬಿಯ ಒಂದು ಡಿಮ್ (ಮೆಮೊರಿ ಚಿಪ್‌ಗಳ ಪುಟ್ಟ ಹಲಗೆ) ತಂದು ಹಾಕಿದೆ. ಇದು 100 ಪಿನ್ನಿನದು, ಡೆಸ್ಕ್‌ಟಾಪಿನ ರ‍್ಯಾಮ್ ಕೂರಲ್ಲ. ಫೋಟೋ ಈಗ ಒಂದೇ ಹಾಳೆಯಲ್ಲಿ ಬರುತ್ತೆ. ಪತ್ರಗಳ ವೇಗ ಮಾತ್ರ ಎಳ್ಳಷ್ಟೂ ಹೆಚ್ಚಲಿಲ್ಲ; ಅಲ್ಲಿ ತಡ ಮಾಡುವುದು ಫ್ಯೂಸರ್ ಬಿಸಿಯಾಗಲು ಹಿಡಿಯುವ ಹೊತ್ತು. ಬರೀ ಪತ್ರ ಪ್ರಿಂಟ್ ಮಾಡುವವರು ಮೆಮೊರಿಗೆ ದುಡ್ಡು ಹಾಕಬೇಡಿ.

ಹಾಗಾದರೆ ಡಿಟಿಪಿ ಅಂಗಡಿಗಳ ಕ್ಯಾನನ್ ಎಲ್‌ಬಿಪಿ2900 ಎರಡೇ ಎಂಬಿಯಲ್ಲಿ ಹೇಗೆ ನಡೆಯುತ್ತೆ ಅಂತ ಗೆಳೆಯ ಕೇಳಿದ. ಅಲ್ಲಿ ಪಿಸಿಎಲ್ ಇಲ್ಲವೇ ಇಲ್ಲ. ಚುಕ್ಕಿ ಬಿಡಿಸುವುದು, ಕುಗ್ಗಿಸುವುದು ಎಲ್ಲ ವಿಂಡೋಸಿನ ಡ್ರೈವರಿನ ಕೆಲಸ. ಪ್ರಿಂಟರ್ ಅದನ್ನು ಹಿಗ್ಗಿಸುತ್ತಾ ಲೇಸರಿಗೆ ಕೊಡುತ್ತೆ. ನಿಮಿಷಕ್ಕೆ 12 ಪುಟದ ವೇಗಕ್ಕೆ ಅಷ್ಟು ಸಾಕು.

ಮುಂದಿನದು ಎರಡೂ ಬದಿಯ ಪ್ರಿಂಟ್. ಕೆಲವು ಮಷೀನುಗಳಲ್ಲಿ ಹಿಂಬದಿಯೇ ಮೊದಲು ಅಚ್ಚಾಗುತ್ತೆ, ಅಂದರೆ ಮೊದಲ ಪುಟ ಅಲ್ಲಿಯವರೆಗೆ ಮೆಮೊರಿಯಲ್ಲಿ ಕಾಯಬೇಕು. ಹಳೇ 16 ಎಂಬಿಗೇ ವಾಪಸ್ ಹೋಗಿ ಎರಡೂ ಬದಿಗೆ ಫೋಟೋ ಕೊಟ್ಟು ನೋಡಬೇಕು.