"ನೂರರವರೆಗೂ ಬರುತ್ತೆ, ಮುಂದೇನು?" ಅಂತ ಕೇಳೋರಿಗೆಲ್ಲ ಒಂದೇ ಉತ್ತರ

ನಾನು ಸರ್ಕಾರಿ ಶಾಲೇಲಿ ನಲಿಕಲಿ ತಗೊಳ್ಳೋಳು. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳೆಲ್ಲ ಒಂದೇ ರೂಮಲ್ಲಿ. ಇದು ಗೊತ್ತಾದ್ರೆ ಸಾಕು, ಮದುವೆ ಮನೇಲಿ, ಬಸ್ಸಲ್ಲಿ, ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ, ಎಲ್ಲಾ ಕಡೆ ಅದೇ ಪ್ರಶ್ನೆ. "ಮೇಡಂ, ನಮ್ಮ ಪಾಪುಗೆ ಮೂರು ವರ್ಷ, ನೂರರವರೆಗೂ ಬರುತ್ತೆ, ಮುಂದೆ ಏನ್ ಹೇಳ್ಕೊಡ್ಲಿ?" ಇಷ್ಟು ದಿನ ನಗ್ತಾ ಏನೋ ಒಂದು ಹೇಳ್ತಿದ್ದೆ, ಇನ್ಮೇಲೆ ಲಿಂಕ್ ಕಳಿಸ್ತೀನಿ.

ಏನೂ ಹೇಳ್ಕೊಡ್ಬೇಡಿ. ವಾಪಸ್ ಮೂರಕ್ಕೆ ಬನ್ನಿ.

"ಬರುತ್ತೆ" ಅಂದ್ರೆ ಏನ್ರೀ? ಪಕ್ಕದ್ಮನೆ ಹುಡುಗ ವಿಷ್ಣು ಸಹಸ್ರನಾಮ ಗಡಗಡ ಒಪ್ಪಿಸ್ತಾನೆ, ಹಾಗಂತ ಅವನಿಗೆ ಸಂಸ್ಕೃತ ಬರುತ್ತೆ ಅಂತೀರಾ?

ನೆಂಟರೊಬ್ಬರ ಗೃಹಪ್ರವೇಶ. ಪುಟ್ಟ ಹುಡುಗೀನ ಕುರ್ಚಿ ಮೇಲೆ ನಿಲ್ಲಿಸಿ ಒನ್ ಟೂ ತ್ರೀ ಅಂತ ಹಂಡ್ರೆಡ್ ತನಕ ಹೇಳಿಸಿದ್ರು, ಎಲ್ಲರೂ ಚಪ್ಪಾಳೆ ಹೊಡೆದ್ರು, ನಾನೂ ಹೊಡೆದೆ. ಆಮೇಲೆ ಊಟಕ್ಕೆ ಕೂತಾಗ "ಪುಟ್ಟೀ, ನಾಲ್ಕು ಲೋಟ ತಗೊಂಬಾ" ಅಂದೆ. ನಿಜವಾಗ್ಲೂ ನೀರು ಕುಡಿಯೋಕೇ ಕೇಳಿದ್ದು, ಪರೀಕ್ಷೆ ಮಾಡೋಕಲ್ಲ (ಯಾರೂ ನಂಬಲ್ಲ ಬಿಡಿ). ಅವಳು ಎರಡು ಕೈಯಲ್ಲಿ ಎಷ್ಟು ಹಿಡಿಸುತ್ತೋ ಅಷ್ಟನ್ನ ಎದೆಗೆ ಅವುಚ್ಕೊಂಡು ಬಂದ್ಲು. ಎಣಿಸು ನೋಡೋಣ ಅಂದ್ರೆ ಬಾಯಿ ಮುಂದೆ ಓಡ್ತಿದೆ, ಬೆರಳು ಹಿಂದೆ ಉಳ್ಕೊಂಡಿದೆ, ಒಂದೇ ಲೋಟಕ್ಕೆ ಫೋರೂ ಬಿತ್ತು ಫೈವೂ ಬಿತ್ತು. ಕೊನೇಲಿ "ನೈನ್". ಹಾಗಾದ್ರೆ ಎಷ್ಟು ಲೋಟ ಇದೆ ಅಂದ್ರೆ ಮತ್ತೆ ಒನ್ನಿಂದ ಶುರು! ಅವರಪ್ಪ "ಅವಳಿಗೆ ನಿದ್ದೆ ಬಂದಿದೆ" ಅಂತ ಎತ್ಕೊಂಡು ಹೋದ್ರು. ಅವತ್ತಿಂದ ನನ್ನ ಜೊತೆ ಮಾತು ಅಷ್ಟಕ್ಕಷ್ಟೇ.

ಆ ಮಗು ದಡ್ಡಿ ಅಲ್ಲ ಮಾರಾಯ್ರೆ, ಆ ವಯಸ್ಸಿಗೆ ಅದೇ ಸರಿ. ಕೇರನ್ ವಿನ್ ಅನ್ನೋ ಮನಃಶಾಸ್ತ್ರಜ್ಞೆ 1990ರ ಸುಮಾರಿಗೇ ಇದನ್ನ ಕೂತು ನೋಡಿದಾರೆ. ಸಲೀಸಾಗಿ ಎಣಿಸೋ ಮಕ್ಕಳ ಹತ್ರ ಮೂರು ಗೊಂಬೆ ಕೊಡು ಅಂದ್ರೆ ಕೈಗೆ ಸಿಕ್ಕಷ್ಟು ಬಾಚಿ ಕೊಡ್ತಾವೆ. ಮೊದ್ಲು "ಒಂದು" ಅಂದ್ರೆ ಏನು ಅಂತ ಅರ್ಥ ಆಗುತ್ತೆ, ಎಷ್ಟೋ ತಿಂಗಳಾದ್ಮೇಲೆ ಎರಡು, ಆಮೇಲೆ ಮೂರು. ಅದಾದ್ಮೇಲೇನೇ ಕೊನೇಲಿ ಹೇಳಿದ ಸಂಖ್ಯೇನೇ ಒಟ್ಟು ಲೆಕ್ಕ ಅನ್ನೋದು ಹೊಳೆಯೋದು. ಇದನ್ನ ಚಾರ್ಟ್ ಅಂಟಿಸಿ ಬೇಗ ಮಾಡ್ಸೋಕಾಗಲ್ಲ.

ಹಾಗಾದ್ರೆ ಮನೇಲಿ ಏನ್ ಮಾಡೋದು ಅಂದ್ರೆ, ತಟ್ಟೆ ಹಾಕೋಕೆ ಬಿಡಿ, ಅಜ್ಜಿಗೊಂದು ಅಪ್ಪಂಗೊಂದು ಅಂತ. ಎಣಿಸಿದ್ಮೇಲೆ "ಒಂದು, ಎರಡು, ಮೂರು. ಮೂರು ತಟ್ಟೆ" ಅಂತ ಒಟ್ಟು ಎಷ್ಟು ಅನ್ನೋದನ್ನ ಇನ್ನೊಂದ್ಸಲ ಹೇಳಿ, ಆ ಬಾಲವೇ ಮುಖ್ಯ. ಇನ್ನೊಂದು ಚೌಕಾಬಾರ. ನಾಲ್ಕೂ ಕವಡೆ ಅಂಗಾತ ಬಿದ್ರೆ ನಾಲ್ಕು ಮನೆ, ನಾಲ್ಕೂ ಬೋರಲು ಬಿದ್ರೆ ಎಂಟು, ಇಷ್ಟು ಸಾಕು ಶುರು ಮಾಡೋಕೆ. ಮಗು ಕಾಯಿ ನಡೆಸೋದನ್ನ ಸುಮ್ನೆ ನೋಡಿ, ಕಾಯಿ ಇರೋ ಮನೇನೇ "ಒಂದು" ಅಂತ ಎಣಿಸಿ ಪ್ರತಿ ಸಲ ಒಂದು ಮನೆ ಹಿಂದೆ ಉಳಿಯುತ್ತೆ. ತಕ್ಷಣ ಕೈ ಹಾಕ್ಬೇಡಿ, ಎದುರು ಕೂತ ಅಕ್ಕ ಜಗಳ ಆಡ್ತಾಳಲ್ಲ, ಅದರಲ್ಲೇ ಕಲಿಯುತ್ತೆ. ಸೀಗ್ಲರ್, ಗೀತಾ ರಮಣಿ ಅನ್ನೋ ಇಬ್ರು ಮನಃಶಾಸ್ತ್ರಜ್ಞರು 2008ರಲ್ಲಿ ತೋರಿಸಿದ್ದೂ ಇದಕ್ಕೆ ಹತ್ತಿರದ್ದೇ: ಒಂದರಿಂದ ಹತ್ತರವರೆಗೆ ಮನೆ ಇರೋ ಸಾಲು ಹಲಗೆ ಮೇಲೆ ಸ್ವಲ್ಪ ಹೊತ್ತು ಆಡಿದ ಪುಟ್ಟ ಮಕ್ಕಳಿಗೆ ಯಾವ ಸಂಖ್ಯೆ ದೊಡ್ಡದು ಅನ್ನೋದು ಚೆನ್ನಾಗಿ ಬಂತು, ಸಂಖ್ಯೆ ಬದಲು ಬರೀ ಬಣ್ಣ ಇರೋ ಹಲಗೇಲಿ ಆಡಿದವಕ್ಕೆ ಅಷ್ಟು ಬರಲಿಲ್ಲ. ಆಟ ಇದ್ರೆ ಸಾಲ್ದು, ಬಾಯಲ್ಲಿ ಲೆಕ್ಕಾನೂ ಇರ್ಬೇಕು.

ಯಾರೂ ಕೇಳದೇ ಇರೋ ಪ್ರಶ್ನೆ ಒಂದಿದೆ, ಅದನ್ನ ಕೇಳಿದ್ರೆ ಟೀ ಕೊಡಿಸ್ತೀನಿ: "ನಮ್ಮ ಮಗು ಯಾಕೆ ಹೀಗೆ ತಪ್ಪು ಹೇಳ್ತು?" ಇಪ್ಪತ್ತೊಂಬತ್ತು ಆದ್ಮೇಲೆ "ಇಪ್ಪತ್ತಹತ್ತು, ಇಪ್ಪತ್ತಹನ್ನೊಂದು" ಅಂತ ಹೋಗ್ತಾವಲ್ಲ, ಮನೆಯವರೆಲ್ಲ ನಗ್ತಾರೆ, ವಿಡಿಯೋ ಮಾಡ್ತಾರೆ. ನಂಗೆ ಮಾತ್ರ ಖುಷಿ. ಅದನ್ನ ಯಾರೂ ಹೇಳ್ಕೊಟ್ಟಿಲ್ಲ, ಯಾವ ವಿಡಿಯೋದಲ್ಲೂ ಇಲ್ಲ, ಇಪ್ಪತ್ತರ ಮುಂದೆ ಒಂದು ಎರಡು ಮೂರು ಅಂತ ಸೇರಿಸ್ತಾ ಹೋಗ್ಬೇಕು ಅನ್ನೋ ನಿಯಮಾನ ಆ ಮಗು ತಾನೇ ಕಂಡುಹಿಡ್ಕೊಂಡಿದೆ. ತಪ್ಪಿಲ್ಲದೆ ನೂರು ಒಪ್ಪಿಸೋ ಮಗುಗಿಂತ ಈ ಮಗು ಮುಂದಿದ್ರೂ ಇರಬಹುದು.

ಕೊನೇದಾಗಿ, "ಬೆರಳು ಎಣಿಸೋ ಅಭ್ಯಾಸ ಬಿಡಿಸೋದು ಹೇಗೆ?" ಬಿಡಿಸ್ಬೇಡಿ. ಬೇಡವಾದಾಗ ಅದೇ ಬಿಡುತ್ತೆ. ಇಲ್ಲ ಬಿಡಿಸ್ಲೇಬೇಕು ಅಂದ್ರೆ, ನಿಮ್ಮತ್ತೆ ಏಕಾದಶಿ ಯಾವತ್ತು ಅಂತ ಹೆಬ್ಬೆರಳಲ್ಲಿ ಗೆಣ್ಣು ಮುಟ್ಟಿ ಮುಟ್ಟಿ ಲೆಕ್ಕ ಹಾಕ್ತಾರಲ್ಲ, ಮೊದ್ಲು ಅವರಿಗೆ ಹೇಳಿ ನೋಡಿ. ಆಮೇಲೆ ಮಗು ಹತ್ರ ಬನ್ನಿ.